ಮೊದಲ ಸಾಲಿನ ಗಂಡಸು

"ಹಸು ತುಂಬಾ ಚೆನ್ನಾಗಿತ್ತು ಕಣ್ರೀ" ಎಂದಳು ಆ ಹೆಂಗಸು. ಹೆಡ್ಲಿ ಅವಳ ಮುಂದೆ ಮಂಡಿಯೂರಿ, ಅವಳ ಮಗಳ ಪಾದವನ್ನು ಅಳತೆಮಣೆಯ ಮೇಲಿಟ್ಟು, ತಡೆಪಟ್ಟಿಯನ್ನು ಹೆಬ್ಬೆರಳಿನತ್ತ ಮೆಲ್ಲಗೆ ಜರುಗಿಸುತ್ತಿದ್ದ. ಇನ್ನೊಂದು ಮಾತು ಬರುತ್ತದೆಂದು ಕಾದ. ಹುಡುಗಿಯ ಕಾಲುಚೀಲದ ತುದಿಯಲ್ಲಿ ತೂತು ಬಿದ್ದು ಅದರಿಂದ ಒಂದು ಬೆರಳು ಇಣುಕಿ ಅಲ್ಲಾಡುತ್ತಿತ್ತು. "ಮುಂಗಾಲು ಒಂದು ಕಡೆ ಹೋದ್ರೆ ಹಿಂಗಾಲು ಇನ್ನೊಂದು ಕಡೆ. ಇವಳಂತೂ ಮನೆಗೆ ಬಂದ್ಮೇಲೂ ಅದೇ. ಆ ವೇಷದೊಳಗೆ ಮುಂದೆ ಇದ್ದೋನು ಗ್ಯಾರಿ ಅಂತೆ ಅಲ್ವಾ, ಗ್ಯಾಸ್ ರಿಪೇರಿ ಹುಡುಗ?" ಹೌದು ಎಂದ ಹೆಡ್ಲಿ. ಪಾದ ಅಗಲ ಸ್ವಲ್ಪ ಜಾಸ್ತಿ ಇದೆ ಎಂದ. ಅವಳು ತನ್ನ ನೆತ್ತಿಯನ್ನೇ ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ವರ್ಷಗಟ್ಟಲೆ ಬೂಟಿನಂಗಡಿಯಲ್ಲಿ ಊರಿನವರ ಕಾಲಬುಡದಲ್ಲಿ ಕೂತವನಿಗೆ ನೆತ್ತಿಯ ಮೇಲೆ ಬೀಳುವ ನೋಟ ತಿಳಿಯುತ್ತದೆ. "ನೀವೂ ಇದ್ರಿ ಅಲ್ವಾ ಆ ಆಟದಲ್ಲಿ?" ಎಂದಳು ಅವಳು.

ಇದ್ದೆ ಎಂದು ಹೇಳಿ ಅವನು ಡಬ್ಬಿ ತರುವ ನೆಪದಲ್ಲಿ ಹಿಂದಿನ ಕೋಣೆಗೆ ಹೋದ. ಅಲ್ಲಿ ರಟ್ಟು ಮತ್ತು ಹೊಸ ಚರ್ಮದ ವಾಸನೆಯ ನಡುವೆ ಸುಮ್ಮನೆ ನಿಂತ. ಇದ್ದೆ! ಹತ್ತೊಂಬತ್ತು ವರ್ಷದಿಂದ ಥ್ರಪ್‌ಡೆನ್ ಊರಿನ ನಾಟಕ ಮಂಡಳಿಯ ಜನವರಿ ಆಟವೆಂದರೆ ಹೆಡ್ಲಿಯ ಹೆಣ್ಣುವೇಷ. ಕತೆ ಯಾವುದಾದರೂ ಆಗಲಿ, ಅದರಲ್ಲೊಬ್ಬಳು ಬಾಯಿಬಡುಕಿ ವಿಧವೆ ಇರಲೇಬೇಕು, ಅವಳು ಮೀಸೆ ಬೋಳಿಸಿದ ಗಂಡಸೇ ಆಗಿರಬೇಕು, ಮತ್ತು ಆ ಗಂಡಸು ಹೆಡ್ಲಿ. ಈ ಸಲ ಅವಳು ಬೇಕರಿಯ ವಿಧವೆ ಡಾಲಿ. ಹಿಮರಾಜ ಅವಳ ಒಲೆಯ ಬೆಂಕಿಯನ್ನು ಕದ್ದೊಯ್ದಿದ್ದಾನೆ, ಅದನ್ನು ತರಲು ಅವಳ ಮಗ ಹಸುವಿನೊಂದಿಗೆ ಹೊರಟಿದ್ದಾನೆ. ಮಗನ ವೇಷ ಹಲ್ಲಿನ ಡಾಕ್ಟರ ಮಗಳದು, ಉದ್ದನೆಯ ಬೂಟು ಹಾಕಿಕೊಂಡು ತೊಡೆ ತಟ್ಟುತ್ತಾಳೆ. ಜನ ಬರುವುದು ಇದಕ್ಕೆಲ್ಲ ಅಲ್ಲ, ವಿಧವೆಗೆ. ಬರುತ್ತಿದ್ದರು. ಗುರುವಾರದ ಆಟದಲ್ಲಿ ಮೊದಲನೆಯ ಮಾತಿಗೆ ನಗು ಬರಬೇಕಾದ ಜಾಗದಲ್ಲಿ ಯಾರೋ ಮಿಠಾಯಿಯ ಕಾಗದ ಬಿಚ್ಚಿದ ಸದ್ದು ಬಂತು. ಶುಕ್ರವಾರ ಅದೂ ಇಲ್ಲ. ಜನ ನಗಲಿಲ್ಲವೆಂದಲ್ಲ, ನಕ್ಕರು, ವಯಸ್ಸಾದ ನೆಂಟನ ಹಳೇ ಕತೆಗೆ ನಗುವ ಹಾಗೆ, ಹಲ್ಲಿನಲ್ಲಿ ಮಾತ್ರ. ಅಷ್ಟರಲ್ಲಿ ಹಸು ಬಂದು ಕುಂಡೆ ಅಲ್ಲಾಡಿಸಿತು, ನಗುವಿಗೆ ಛಾವಣಿ ಹಾರಿಹೋಯಿತು.

ಆಟ ಮುಗಿದ ಮೇಲೆ ಎನಿಡ್ ಟೀಚರ್ ಅವನ ಭುಜ ತಟ್ಟಿದ್ದರು. ಮಂಡಳಿಯನ್ನು ಕಟ್ಟಿದವರು ಅವರು, ಆಟ ಆಡಿಸುವವರು ಅವರು, ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರೂ ಅವರೇ. "ನಾಳೆ ಆಟ ಮುಗೀಲಿ ಹೆಡ್ಲಿ, ಮುಂದಿನ ವರ್ಷದ್ದು ಸ್ವಲ್ಪ ಯೋಚನೆ ಮಾಡೋಣ. ಮಂಡಿ ನೋವು ಅಂತಿದ್ದೆ ಬೇರೆ." ಬೆಳಿಗ್ಗೆಯಿಂದ ಪ್ರತಿ ಡಬ್ಬಿ ಇಳಿಸುವಾಗಲೂ ಆ 'ಬೇರೆ' ಅನ್ನುವ ಮಾತು ಅವನಿಗೆ ಕೇಳಿಸುತ್ತಿತ್ತು. ಮುಂದಿನ ವರ್ಷದ ವೇಷಗಳು ಕೊನೆಯ ಆಟದ ನಂತರ ಬಿಸಿ ಕಡುಬು, ಬಟಾಣಿ ತಿನ್ನುತ್ತ ನಿಂತನಿಂತಲ್ಲೇ ತೀರ್ಮಾನವಾಗುವುದು ರೂಢಿ. ಗ್ಯಾರಿ ಈಗಾಗಲೇ ಬಾಲ ಬಿಚ್ಚಿದ್ದ, ಮೊನ್ನೆ ಬಣ್ಣದ ಕೋಣೆಯಲ್ಲಿ ವಿಧವೆಯ ಟೋಪಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದ, ಹೆಡ್ಲಿ ಒಳಗೆ ಬಂದೊಡನೆ ತೆಗೆದು, "ಸೆಕೆ ಆಗಲ್ವಾ ಹೆಡ್ಲಿ ಇದ್ರೊಳಗೆ?" ಎಂದಿದ್ದ. ವರ್ಷದಲ್ಲಿ ಮೂರು ದಿನ ಊರು ಅವನ ಕಾಲಬುಡದಲ್ಲಿ ಕೂತು ಅವನ ಮುಖ ನೋಡುತ್ತದೆ. ಉಳಿದ ದಿನಗಳಲ್ಲಿ ಅವನು ಅವರ ಪಾದ ನೋಡುತ್ತಾನೆ. ಆ ಮೂರು ದಿನವನ್ನೂ ಕಿತ್ತುಕೊಂಡರೆ ಉಳಿಯುವುದೇನು ಎಂದು ಯೋಚಿಸಲು ಅವನಿಗೆ ಧೈರ್ಯವಿರಲಿಲ್ಲ. ಇವತ್ತು ಮಧ್ಯಾಹ್ನ ನಗಿಸಬೇಕು. ಇವತ್ತು ನಗಿಸದಿದ್ದರೆ ಮುಗಿಯಿತು. ಡಬ್ಬಿ ತಂದು ಮತ್ತೆ ಮಂಡಿಯೂರಿದ. "ಹೆಬ್ಬೆರಳಿಗೆ ಒತ್ತುತ್ತಾ ಮಗು?" ಎಂದು ಕೇಳಿದ. ಹುಡುಗಿ ಅವನನ್ನು ನೋಡಿ "ಅಂಬಾ" ಎಂದಳು.

ಚರ್ಚಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ಹೆಂಡತಿ ಡೋರೀನ್ ಅವನ ಬೆನ್ನ ಹಿಂದೆ ನಿಂತು, ನಡು ಬಿಗಿಯುವ ಒಳಕಟ್ಟಿನ ದಾರ ಎಳೆಯುತ್ತಿದ್ದಳು. ಮದುವೆಯಾದಾಗಿನಿಂದ ಅವನ ಹೆಣ್ಣುಬಟ್ಟೆಗಳನ್ನೆಲ್ಲ ಹೊಲಿದವಳು ಅವಳೇ. ಮೊದಲ ವರ್ಷಗಳಲ್ಲಿ ದಾರ ಎಳೆಯುವಾಗ ಇಬ್ಬರೂ ನಕ್ಕು ಸುಸ್ತಾಗುತ್ತಿದ್ದರು. ಈಗ ಅವಳು ತನ್ನ ಕೈ ಅವನ ಬೆನ್ನಿಗೆ ತಾಗದ ಹಾಗೆ ಎಳೆಯುತ್ತಾಳೆ. ಯಾವಾಗಿನಿಂದ? ಹೋದ ಮಾರ್ಚಿನಿಂದ. "ಕಟುಕ ಆಲ್ಬರ್ಟ್ ಬರಲ್ವಂತೆ, ಜ್ವರ" ಎಂದಳು. ಇವತ್ತಿನ ಆಟಕ್ಕೆ ಮೊದಲ ಸಾಲಿನ ಗಂಡಸು ಆಲ್ಬರ್ಟೇ ಆಗಿದ್ದ. ನಡುದಾರಿಯ ಪಕ್ಕದ ಆ ಕುರ್ಚಿಯಲ್ಲಿ ಕೂತವನನ್ನು ವಿಧವೆ ತನ್ನ ಪ್ರಿಯತಮನೆಂದು ಆರಿಸಿಕೊಂಡು ಆಟ ಮುಗಿಯುವ ತನಕ ಗೋಳುಹೊಯ್ದುಕೊಳ್ಳಬೇಕು, ಕಣ್ಣು ಹೊಡೆಯಬೇಕು, ಬೋಳುತಲೆಗೆ ಮುತ್ತಿಡಬೇಕು. ಗುರುವಾರ ಅಗ್ನಿಶಾಮಕದವನು, ಶುಕ್ರವಾರ ಹೊಸ ಪಾದ್ರಿ. ಹಾಗೆ ಕೂತವನಿಗೆ ಮೊದಲೇ ಹೇಳುವುದಿಲ್ಲ, ಆದರೆ ಯಾರು ದಪ್ಪ ಚರ್ಮದವನೆಂದು ನೋಡಿ ಮಂಡಳಿಯೇ ಅಲ್ಲಿ ಕೂರಿಸುತ್ತದೆ. ಅದಕ್ಕೆ ಯಾರೂ ಬರೆದಿಡದ ಒಂದು ಕಟ್ಟಳೆಯಿದೆ. ಆ ಗಂಡಸಿನ ಪಕ್ಕದಲ್ಲಿ ಅವನ ಹೆಂಡತಿ ಕೂತಿರಬೇಕು, ಅವಳು ಮೊದಲು ನಗಬೇಕು. ಹೆಂಡತಿ ನಕ್ಕರೆ ಊರಿಗೆ ನಗಲು ಅಪ್ಪಣೆ ಸಿಕ್ಕ ಹಾಗೆ. ಒಂಟಿ ಗಂಡಸನ್ನು ಎಷ್ಟೇ ಕಷ್ಟವಾದರೂ ಮುಟ್ಟುವಂತಿಲ್ಲ.

"ಮತ್ತೆ ಅಲ್ಲಿ ಯಾರು ಕೂತಿದ್ದಾರೆ?" ಎಂದ.

ಡೋರೀನ್ ಗಂಟು ಹಾಕಿದಳು. "ಸಿರಿಲ್. ನಾನೇ ಕರೆದೆ. ಬೆಳಿಗ್ಗೆ ಮನೆಗೆ ಹೋಗಿ ಎಬ್ಬಿಸಿಕೊಂಡು ಬಂದೆ. ಗಡ್ಡ ಬಿಟ್ಕೊಂಡು ಕೂತಿದ್ದ, ಪಾತ್ರೆ ಎಲ್ಲ ತೊಟ್ಟಿ ತುಂಬ. ಬೇರೆ ಸೀಟು ಇರಲಿಲ್ಲ, ಆಲ್ಬರ್ಟ್‌ದೇ ಎರಡು ಖಾಲಿ ಇತ್ತು."

"ಡೋರೀನ್, ಅದು ಆ ಸೀಟು."

"ಗೊತ್ತು ನಂಗೆ ಯಾವ ಸೀಟು ಅಂತ. ಅವನ ತಂಟೆಗೆ ಹೋಗ್ಬೇಡ. ಮೂರನೇ ಸಾಲಲ್ಲಿ ಪೋಸ್ಟ್‌ಮಾಸ್ಟರ್ ಇದ್ದಾನೆ, ಹೆಂಡತೀನೂ ಇದ್ದಾಳೆ. ಅವನ್ನ ಹಿಡ್ಕೋ." ಅವಳು ಮುಂದೆ ಬಂದು ಅವನ ಕೆನ್ನೆಯ ಕೆಂಪು ಬಣ್ಣವನ್ನು ಬೆರಳಿನಿಂದ ಒರೆಸಿ ಸಮ ಮಾಡಿದಳು. ಎಷ್ಟೋ ತಿಂಗಳ ನಂತರ ಅವನ ಮುಖ ಮುಟ್ಟಿದ್ದಳು. "ಆಣೆ ಮಾಡು."

"ಆಯ್ತು ಮಾರಾಯ್ತಿ. ಮುಟ್ಟಲ್ಲ."

ಪರದೆಯಲ್ಲಿ ಒಂದು ತೂತಿದೆ, ನಟರು ಕಣ್ಣು ಹಚ್ಚಿ ಹಚ್ಚಿ ಅದರ ಅಂಚು ಜಿಡ್ಡಾಗಿದೆ. ಹೆಡ್ಲಿ ಅದಕ್ಕೆ ಕಣ್ಣಿಟ್ಟ. ಮಕ್ಕಳು ಕುರ್ಚಿ ಮೇಲೆ ಹತ್ತಿ ಇಳಿಯುತ್ತಿದ್ದವು, ಒದ್ದೆ ಕೋಟುಗಳ ವಾಸನೆ ಬರುತ್ತಿತ್ತು, ಸಿರಿಲ್ ಅಲ್ಲಿ ಕೂತಿದ್ದ. ಹೆಡ್ಲಿ ಮೊದಲು ನೋಡಿದ್ದು ಅವನ ಬೂಟನ್ನೇ. ಕಂದು ಬೂಟು, ತಾನೇ ಮಾರಿದ್ದು. ಒಂದಕ್ಕೆ ಕಂದು ದಾರ, ಇನ್ನೊಂದಕ್ಕೆ ಕಪ್ಪು. ಪಕ್ಕದ ಖಾಲಿ ಕುರ್ಚಿಯ ಮೇಲೆ ಅವನ ಕೋಟು ಮಡಿಸಿಟ್ಟಿತ್ತು, ಯಾರೋ ಬರುತ್ತಾರೆಂದು ಜಾಗ ಹಿಡಿದಿಟ್ಟ ಹಾಗೆ. ಹೋದ ವರ್ಷದ ತನಕ ಸಿರಿಲ್‌ನ ಜಾಗ ಇಲ್ಲೇ, ಪರದೆಯ ಈಚೆಗೆ, ಮೂರು ಕಾಲಿನ ಸ್ಟೂಲಿನ ಮೇಲೆ ಪ್ರಾಂಪ್ಟರ್ ಆಗಿ. ಯಾರು ಯಾವ ಮಾತು ಮರೆತರೂ ತುಟಿ ಅಲುಗದ ಹಾಗೆ ಎತ್ತಿಕೊಡುತ್ತಿದ್ದ. ಅವನ ಹೆಂಡತಿ ಮ್ಯೂರಿಯಲ್ ಪಿಯಾನೋದ ಹಾಳೆ ತಿರುಗಿಸುತ್ತಿದ್ದಳು. ಪಿಯಾನೋ ನುಡಿಸುತ್ತಿದ್ದವನು ಟ್ರೆವರ್. ಹೋದ ಸಲದ ಆಟಕ್ಕೆ ಮುಂಚಿನ ಡಿಸೆಂಬರಿನಲ್ಲಿ ಒಂದು ಸಂಜೆ ಹೆಡ್ಲಿ ಮರೆತ ಕೈಚೀಲಕ್ಕೆಂದು ಸಭಾಂಗಣಕ್ಕೆ ವಾಪಸು ಬಂದಾಗ, ಬಟ್ಟೆಗಳ ಕೋಣೆಯಲ್ಲಿ, ತನ್ನದೇ ಲಂಗಗಳ ನಡುವೆ ಅವರಿಬ್ಬರೂ ಇದ್ದರು. ಮ್ಯೂರಿಯಲ್ ಕಣ್ಣು ಮುಚ್ಚಿದ್ದಳು, ಟ್ರೆವರ್ ಅವನನ್ನು ನೋಡಿದ. ಹೆಡ್ಲಿ ಬಾಗಿಲು ಹಾಕಿಕೊಂಡು ಹೊರಟುಹೋದ. ಮನೆಗೆ ಬಂದು ಡೋರೀನ್‌ಗೆ ಹೇಳಿದಾಗ ಅವಳು, "ಸಿರಿಲ್‌ಗೆ ಹೇಳು, ಈಗ್ಲೇ ಹೇಳು, ಇನ್ನೂ ಹೊತ್ತು ಮೀರಿಲ್ಲ" ಎಂದಿದ್ದಳು. ಅವನು ಹೇಳಿದ್ದು, "ಆಟ ಮುಗೀಲಿ." ಪಿಯಾನೋದವನು ಓಡಿಹೋದರೆ ಹಾಡುಗಳಿಗೆ ಗತಿಯೇನು? ಆಟ ಮುಗಿಯಿತು, ಹಾಡುಗಳೂ ಮುಗಿದವು, ಆಮೇಲೆ ಹೇಳೋಣ ಹೇಳೋಣ ಎನ್ನುವಷ್ಟರಲ್ಲಿ ಮಾರ್ಚ್ ತಿಂಗಳಲ್ಲಿ ಅವರಿಬ್ಬರೂ ಬ್ಲ್ಯಾಕ್‌ಪೂಲಿಗೆ ಹೋಗಿಬಿಟ್ಟಿದ್ದರು. ಈ ವರ್ಷ ಹಾಡುಗಳು ಟೇಪಿನಲ್ಲಿ. ಆಟವೇನೂ ನಿಲ್ಲಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ಕೆಟ್ಟದೆನಿಸುತ್ತಿತ್ತು.

"ನನ್ನ ಗಂಡ ತೀರಿಕೊಂಡು ಹತ್ತು ವರ್ಷ ಆಯ್ತು ಮಕ್ಕಳೇ! ಬದುಕಿದ್ದಾಗ್ಲೂ ಜಾಸ್ತಿ ಅಲ್ಲಾಡ್ತಿರಲಿಲ್ಲ, ನಂಗೆ ಗೊತ್ತಾಗಿದ್ದೇ ಮೂರು ದಿನ ಆದ್ಮೇಲೆ!" ಹೆಡ್ಲಿ ಕಾದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ದೀಪದ ಬಿಸಿಗೆ ಬೆವರು ಕೂದಲಿನ ಟೋಪಿಯ ಒಳಗಿನಿಂದ ಇಳಿದು ಕೆಂಪು ಬಣ್ಣದ ಮೇಲೆ ಗೆರೆ ಎಳೆಯಿತು. ಅವನು ಮೂರನೇ ಸಾಲಿನ ಪೋಸ್ಟ್‌ಮಾಸ್ಟರನನ್ನು ಹಿಡಿದುಕೊಂಡ. ಆದರೆ ಮೂರನೇ ಸಾಲು ಕತ್ತಲಲ್ಲಿತ್ತು, ಪೋಸ್ಟ್‌ಮಾಸ್ಟರನಿಗೆ ಕಿವಿ ಮಂದ, ಪ್ರತಿ ಮಾತಿಗೂ "ಏನಂದ್ರಿ?" ಎನ್ನುತ್ತಿದ್ದ, ಅವನ ಹೆಂಡತಿ ನಾಚಿ ತಲೆ ತಗ್ಗಿಸಿದಳು. ಇದೆಲ್ಲದರ ನಡುವೆ ಹೆಡ್ಲಿ ಮೊದಲ ಸಾಲನ್ನು ನೋಡದಿರಲು ಪಡುತ್ತಿದ್ದ ಪಾಡು ಅವನಿಗೇ ಗೊತ್ತು. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಸಿರಿಲ್ ನಗುತ್ತಿರಲಿಲ್ಲ, ಬೇಸರಪಟ್ಟ ಹಾಗೂ ಕಾಣಲಿಲ್ಲ. ಅವನ ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಹೆಡ್ಲಿಯ ಹಳೇ ನಗೆಮಾತುಗಳನ್ನೆಲ್ಲ, ವರ್ಷ ವರ್ಷ ಹೊಸ ಕತೆಗೆ ಅಂಟಿಸಿದ ಅವೇ ಮಾತುಗಳನ್ನೆಲ್ಲ, ಅವನಿಗಿಂತ ಒಂದು ಉಸಿರು ಮೊದಲೇ ತನ್ನೊಳಗೆ ಹೇಳಿಕೊಳ್ಳುತ್ತಿದ್ದ. ಇದನ್ನು ಕಂಡು ಹೆಡ್ಲಿಗೆ ಸಿಟ್ಟು ಬಂತು. ಯಾಕೆಂದು ಅವನು ಆಮೇಲೆ ಎಷ್ಟು ಕೇಳಿಕೊಂಡರೂ ತಿಳಿಯಲಿಲ್ಲ, ಆದರೆ ಬಂದದ್ದು ಸಿಟ್ಟೇ. ಈ ಬೂಟಿನ ದಾರ ಸರಿಯಿಲ್ಲದವನು, ಹೆಂಡತಿಯನ್ನು ಇಟ್ಟುಕೊಳ್ಳಲಾಗದವನು, ನನ್ನ ಮಾತನ್ನು ನನಗಿಂತ ಮೊದಲು ಆಡುತ್ತಾನೆ. ಹಸು ಬಂತು. ಸಭಾಂಗಣ ಎದ್ದು ಕುಣಿಯಿತು.

ಮಧ್ಯಂತರದಲ್ಲಿ ಚಹಾ ಹಿಡಿದು ನಿಂತ ಎನಿಡ್ ಟೀಚರ್ ಅವನ ಕಡೆ ನೋಡದೆ ಹೇಳಿದರು, "ವಿಧವೆಯ ಎರಡನೇ ಸೀನು ಸ್ವಲ್ಪ ಬೇಗ ಮುಗಿಸಿಬಿಡೋಣ, ಏನಂತೀಯ? ಮಕ್ಕಳು ಹಸುಗೆ ಕಾಯ್ತಾ ಇರ್ತಾರೆ." ಹಸುವಿನ ಮುಂಭಾಗದಿಂದ ತಲೆ ಹೊರಹಾಕಿ ಕೂತಿದ್ದ ಗ್ಯಾರಿ ಬಿಸ್ಕತ್ತು ಕಡಿಯುತ್ತ, "ಪಾಪ, ಅವರೂ ಕಷ್ಟಪಡ್ತಿದ್ದಾರೆ ಟೀಚರ್" ಎಂದ. ಪಾಪ ಎಂದ! ಬೈದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು.

ಎರಡನೇ ಸೀನಿನಲ್ಲಿ ವಿಧವೆ ಒಬ್ಬಳೇ. ಹಿಮರಾಜನ ಭಟನೊಬ್ಬ ಬಿಳಿ ಬಟ್ಟೆ ಹೊದ್ದು ಅವಳ ಬೆನ್ನ ಹಿಂದೆ ಬರುತ್ತಾನೆ, ಅವಳು "ಎಲ್ಲಿ? ಎಲ್ಲಿದ್ದಾನೆ?" ಎಂದು ಕೇಳಬೇಕು, ಮಕ್ಕಳು ಗಂಟಲು ಹರಿಯುವ ಹಾಗೆ "ನಿನ್ನ ಹಿಂದೆ!" ಎಂದು ಕೂಗಬೇಕು, ಅವಳು ತಿರುಗಿದೊಡನೆ ಅವನು ಮಾಯ. ಎದೆಹಾಲಿನ ಜೊತೆಗೇ ಈ ಕೂಗು ಆ ಊರಿನ ಮಕ್ಕಳಿಗೆ ಬಂದಿರುತ್ತದೆ. ಮೂರು ಸಲ ಕೂಗಿದರು. ದೊಡ್ಡವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಭಟ ಹೊರಟುಹೋದ. ಹೆಡ್ಲಿ ರಂಗದ ಅಂಚಿಗೆ ಬಂದು ನಿಂತ. ದೀಪದ ಆಚೆಗೆ ಮುಖಗಳಿರಲಿಲ್ಲ, ಬೆಳಕು ಮೊದಲ ಸಾಲಿನ ತನಕ ಮಾತ್ರ ಚೆಲ್ಲಿತ್ತು, ಆ ಬೆಳಕಿನಲ್ಲಿ ಎರಡು ಕುರ್ಚಿ, ಒಬ್ಬ ಗಂಡಸು, ಒಂದು ಕೋಟು. ಮುಟ್ಟಲ್ಲ ಎಂದು ಹೇಳಿದ್ದು ಅವನಿಗೆ ನೆನಪಿತ್ತು. ಕೆನ್ನೆ ಮೇಲೆ ಅವಳ ಬೆರಳಿನ ಬಿಸಿ ಸಹ ನೆನಪಿತ್ತು. ಬಾಯಿ ಮಾತ್ರ ಅದನ್ನೆಲ್ಲ ಬಿಟ್ಟು ಮುಂದೆ ಹೊರಟಿತ್ತು.

"ಅಯ್ಯೋ ನನ್ನ ರಾಜ! ಇಷ್ಟು ಹೊತ್ತು ಎಲ್ಲಿ ಅಡಗಿಕೊಂಡಿದ್ದೆ? ಒಬ್ಬನೇ ಬಂದಿದ್ದೀಯಾ?"

ಸಭಾಂಗಣ ಥಟ್ಟನೆ ಮೌನವಾಯಿತು. ಎಲ್ಲರಿಗೂ ಗೊತ್ತಿತ್ತು. ಆ ಮೌನ ಕೇಳಿ ಹೆಡ್ಲಿಗೆ ಮೈ ಜುಮ್ಮೆಂದಿತು. ಮೂರು ದಿನದಲ್ಲಿ ಮೊದಲ ಸಲ ಊರು ಉಸಿರು ಬಿಗಿಹಿಡಿದು ಅವನನ್ನು ನೋಡುತ್ತಿತ್ತು. ಸಿರಿಲ್ ತಲೆಯೆತ್ತಿದ. ಇನ್ನೂ ಬಿಡಬಹುದಿತ್ತು, ಒಂದು ಮುತ್ತು ಎಸೆದು ಪೋಸ್ಟ್‌ಮಾಸ್ಟರನ ಕಡೆ ತಿರುಗಬಹುದಿತ್ತು.

"ಪಕ್ಕದ ಸೀಟು ಯಾರಿಗಪ್ಪ ಹಿಡಿದಿಟ್ಟಿದ್ದೀಯ? ಎಲ್ಲಿ ನಿನ್ನ ಹೆಂಡ್ತಿ?"

ಮಕ್ಕಳಿಗೇನು ಗೊತ್ತು. 'ಎಲ್ಲಿ' ಎಂಬ ಪ್ರಶ್ನೆಗೆ ಅವರಿಗೆ ಗೊತ್ತಿದ್ದದ್ದು ಒಂದೇ ಉತ್ತರ. ಮೊದಲು ಒಂದು ಸಣ್ಣ ಗಂಟಲು, ಆಮೇಲೆ ಎಲ್ಲ ಸೇರಿ, ಕಿಟಕಿ ಗಾಜು ನಡುಗುವ ಹಾಗೆ: "ನಿನ್ನ ಹಿಂದೆ! ನಿನ್ನ ಹಿಂದೆ!"

ಸಿರಿಲ್ ತಿರುಗಿ ನೋಡಿದ. ತಮಾಷೆಗೆ ನೋಡಿದ್ದಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು, ಅರ್ಧ ಎದ್ದು, ಬಾಗಿಲ ಕಡೆಗೆ ನೋಡಿದ. ತಿರುಗುವ ಮುನ್ನ ಒಂದು ಗಳಿಗೆ ಅವನ ಮುಖ ದೀಪದ ಬೆಳಕಿಗೆ ಸಿಕ್ಕಿತು. ಆ ಮುಖವನ್ನು ಕಂಡದ್ದು ಹೆಡ್ಲಿ ಒಬ್ಬನೇ. ಅಂಥ ಸಂತೋಷವನ್ನು ಅವನು ಯಾವ ದೊಡ್ಡ ಮನುಷ್ಯನ ಮುಖದಲ್ಲೂ ನೋಡಿರಲಿಲ್ಲ. ಅಲ್ಲಿ ಬಾಗಿಲು ಮುಚ್ಚಿತ್ತು, ಬಾಗಿಲ ಪಕ್ಕ ಐಸ್‌ಕ್ರೀಮ್ ತಟ್ಟೆ ಹಿಡಿದ ಡೋರೀನ್ ನಿಂತಿದ್ದಳು. ಸಿರಿಲ್ ಮೆಲ್ಲಗೆ ವಾಪಸು ತಿರುಗಿ ಕೂತ. ಆಗ ಯಾರೋ ಒಬ್ಬರು ತಡೆಯಲಾರದೆ ಮೂಗಿನಿಂದ ಸದ್ದು ಮಾಡಿದರು. ಅಷ್ಟೇ ಸಾಕಾಯಿತು. ನಗು ಹಿಂದಿನ ಸಾಲಿನಿಂದ ಎದ್ದು ಬಂತು, ಹಲ್ಲಿನ ನಗೆಯಲ್ಲ, ಹೊಟ್ಟೆಯದು, ನಾಚಿಕೆಪಡುತ್ತ ನಾಚಿಕೆಪಡುತ್ತ ಇನ್ನಷ್ಟು ಜೋರಾಗುವಂಥದು. ಹತ್ತೊಂಬತ್ತು ವರ್ಷದಲ್ಲಿ ಹೆಡ್ಲಿಗೆ ಅಂಥ ನಗು ಸಿಕ್ಕಿರಲಿಲ್ಲ. ಅವನಿಗೆ ಅಳು ಬಂತು, ಮತ್ತು ಇನ್ನೊಂದು ಸಲ ಬೇಕೆನಿಸಿತು.

ಯಾವ ನಗೆಯನ್ನಾದರೂ ಮೂರು ಸಲ ಹಿಂಡಬೇಕೆಂಬುದು ಆ ವೇಷದ ಹಳೇ ಪಾಠ. "ಇಲ್ವಲ್ಲಪ್ಪ! ಎಲ್ಲಿ, ಎಲ್ಲಿ ಅವಳು?" ಎಂದ. "ನಿನ್ನ ಹಿಂದೆ!" ಸಿರಿಲ್ ಅವನನ್ನೇ ನೋಡಿದ. ಆ ನೋಟ ಹೆಡ್ಲಿಯ ನೆತ್ತಿಯ ಮೇಲಲ್ಲ, ನೇರ ಕಣ್ಣಿಗೆ ಬಿತ್ತು. ಆಮೇಲೆ ಸಿರಿಲ್ ತುಂಬಾ ನಿಧಾನವಾಗಿ ಎಡಕ್ಕೆ ತಿರುಗಿ ನೋಡಿದ, ಬಲಕ್ಕೆ ತಿರುಗಿ ನೋಡಿದ, ಜನರ ಕಡೆಗೆ ಎರಡೂ ಕೈ ಬಿಚ್ಚಿ ತೋರಿಸಿದ. ನಗು ಇಮ್ಮಡಿಯಾಯಿತು, ಆದರೆ ಅದರ ದಿಕ್ಕು ಬದಲಾಗಿತ್ತು. ಹೆಡ್ಲಿಗೆ ಅದು ಚರ್ಮಕ್ಕೆ ತಾಗಿದ ಹಾಗೆ ಗೊತ್ತಾಯಿತು. ಮೂರನೆಯ ಸಲ ಅವನು ಕೇಳಲೇ ಇಲ್ಲ. ಕೇಳುವ ಮೊದಲೇ ಸಿರಿಲ್ ಎದ್ದು ನಿಂತು, ಪಕ್ಕದ ಕುರ್ಚಿಯ ಕೋಟನ್ನು ಎರಡು ಬೆರಳಿನಿಂದ ಎತ್ತಿ, ಅದರ ಕೆಳಗೆ ಇಣುಕಿ, ತೋಳಿನೊಳಗೆ ಕೈ ಹಾಕಿ ಹುಡುಕಿ, ಆಮೇಲೆ ಕೋಟನ್ನು ಮಗುವನ್ನು ಮಲಗಿಸುವ ಹಾಗೆ ಕುರ್ಚಿಯಲ್ಲಿ ಮಲಗಿಸಿ, ಬೆರಳು ತುಟಿಗಿಟ್ಟು "ಶ್" ಎಂದ. ಜನ ಕುರ್ಚಿಯಿಂದ ಬಿದ್ದರು. ಪೋಸ್ಟ್‌ಮಾಸ್ಟರನ ಹೆಂಡತಿ ಕಣ್ಣೊರೆಸಿಕೊಂಡಳು. ರಂಗದ ಮೇಲೆ ವಿಧವೆ ಡಾಲಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು, ಅವಳ ಕಡೆ ಯಾರೂ ನೋಡುತ್ತಿರಲಿಲ್ಲ. ಸೈಡ್ ವಿಂಗಿನಲ್ಲಿ ಹಸು ಕೂಡ ತಲೆ ಹೊರಹಾಕಿ ಸಿರಿಲ್‌ನನ್ನೇ ನೋಡುತ್ತಿತ್ತು.

ಕೊನೆಗೆ ಬೆಂಕಿ ಮರಳಿ ಬಂತು, ಹಿಮರಾಜ ಮಂಡಿಯೂರಿದ, ಎಲ್ಲರೂ ಸಾಲಾಗಿ ನಿಂತರು. ಕಡೆಯ ಎರಡು ಸಾಲು ವಿಧವೆಯದು. ಅದರಲ್ಲಿ ಎರಡನೆಯದನ್ನು ತಾಲೀಮಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಆಟ ಕೆಡುತ್ತದೆಂದು ನಂಬಿಕೆ. 'ಟಟ ಟಾ ಟಾ' ಎಂದು ಮುಗಿಸಿಬಿಡುತ್ತಾರೆ. ಕತೆ ಬದಲಾದಂತೆ ಮೊದಲ ಸಾಲು ಬದಲಾಗುತ್ತದೆ, ಎರಡನೆಯ ಸಾಲು ಮಾತ್ರ ಎನಿಡ್ ಟೀಚರ್ ಮೊದಲ ವರ್ಷ ಬರೆದದ್ದೇ. ಹೆಡ್ಲಿ ಮುಂದೆ ಬಂದ. "ಒಲೆಯುರಿಯಿತು, ರೊಟ್ಟಿ ಬೆಂದಿತು, ಹಿಮವೆಲ್ಲ ಕರಗಿತು" ಎಂದ. ಮುಂದಿನ ಸಾಲು ಬರಲಿಲ್ಲ. ಬಾಯಿ ತೆರೆದಿತ್ತು, ಅದರೊಳಗೆ ಟಟ ಟಾ ಟಾ ಬಿಟ್ಟು ಬೇರೇನೂ ಇರಲಿಲ್ಲ. ವಿಂಗಿನ ಕಡೆ ನೋಡಿದ. ಮೂರು ಕಾಲಿನ ಸ್ಟೂಲು ಖಾಲಿಯಿತ್ತು, ಈ ವರ್ಷ ಅಲ್ಲಿ ಕೂರಲು ಯಾರೂ ಸಿಕ್ಕಿರಲಿಲ್ಲ. ಮಕ್ಕಳು ಸುಮ್ಮನಾದವು. ಆಗ ಮೊದಲ ಸಾಲಿನಿಂದ, ತುಟಿ ಅಲುಗದ ಹಾಗೆ, ವರ್ಷಾನುವರ್ಷ ಕತ್ತಲಲ್ಲಿ ಕೂತು ಎತ್ತಿಕೊಟ್ಟ ಅದೇ ದನಿಯಲ್ಲಿ ಸಿರಿಲ್ ಹೇಳಿದ: "ಮನೆಗೆ ಹೋಗಿ ಮಲಗಿ ಮಕ್ಕಳೇ, ನಮ್ಮ ಕತೆಯು ಮುಗಿಯಿತು."

ಅವನು ಹೇಳಿದ್ದು ಹೆಡ್ಲಿಗೆ ಮಾತ್ರ. ಕೇಳಿಸಿದ್ದು ಎಲ್ಲರಿಗೂ. ಚಪ್ಪಾಳೆ ಬಿತ್ತು, ಜನ ಎದ್ದು ನಿಂತು ಹೊಡೆದರು, ಎದ್ದವರೆಲ್ಲ ಮೊದಲ ಸಾಲಿನ ಕಡೆಗೆ ಮುಖ ಮಾಡಿದ್ದರು.

ಕುರ್ಚಿಗಳನ್ನು ಮಡಚುವ ಸದ್ದಿನ ನಡುವೆ ಮಾಂಸದ ಕಡುಬು, ಬಟಾಣಿ ಬಂತು. ಬಣ್ಣ ತೊಳೆಯಲು ಹೆಡ್ಲಿಗೆ ಕೈ ಬರಲಿಲ್ಲ. ಲಂಗ, ಟೋಪಿ ಸಮೇತ ಗೋಡೆಗೆ ಒರಗಿ ನಿಂತಿದ್ದ. ಎನಿಡ್ ಟೀಚರ್ ಸಿರಿಲ್‌ನ ಕೈ ಹಿಡಿದುಕೊಂಡೇ ಬಂದರು. "ಇಷ್ಟು ವರ್ಷ ನಿನ್ನನ್ನ ಸ್ಟೂಲಿನ ಮೇಲೆ ಕೂರಿಸಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ! ಮುಂದಿನ ವರ್ಷ ವಿಧವೆ ನೀನೇ. ಇಲ್ಲ ಅನ್ನಕೂಡದು."

"ಟೀಚರ್, ನಂಗೆಲ್ಲಿ ಬರುತ್ತೆ ಅದೆಲ್ಲ. ಹೆಡ್ಲಿ ಇದ್ದಾನಲ್ಲ."

"ಹೆಡ್ಲಿ ಮಂಡಿಗೂ ಸಾಕಾಗಿದೆ. ಅವನು ಪ್ರಾಂಪ್ಟರ್ ಆಗ್ತಾನೆ. ಏನಪ್ಪ ಹೆಡ್ಲಿ, ಆಗಲ್ವಾ? ಕೂತು ಮಾಡೋ ಕೆಲಸ." ಗ್ಯಾರಿ ಆ ಕಡೆಯಿಂದ ಚಪ್ಪಾಳೆ ತಟ್ಟಿದ, ಅವನ ಮುಖವೂ ಸಪ್ಪೆಯಾಗಿತ್ತು. ಹೆಡ್ಲಿ ಆಗ್ತೀನಿ ಟೀಚರ್ ಎಂದ. ಅವರ ತರಗತಿಯಲ್ಲಿ ಬೆಂಚಿನ ಮೇಲೆ ನಿಂತಾಗಲೂ ಅವನು ಹಾಗೇ ಹೇಳುತ್ತಿದ್ದ.

"ಸಿರಿಲ್, ನಿನ್ನ ಕಾಲೂ ಅವನ ಕಾಲೂ ಒಂದೇ ಅಳತೆ ಇರಬಹುದು. ಹೆಡ್ಲಿ, ನೀನು ಹಾಕ್ಕೊಂಡಿರೋ ವಿಧವೆಯ ಕೆಂಪು ಬೂಟು ಇವನಿಗೆ ಹಿಡಿಯುತ್ತಾ ನೋಡು. ಹಿಡಿಸಿದ್ರೆ ಹೊಸದು ಮಾಡಿಸೋದು ಬೇಡ" ಎಂದು ಹೇಳಿ ಎನಿಡ್ ಟೀಚರ್ ಕಡುಬಿನ ಕಡೆಗೆ ಹೋದರು.

ಸಿರಿಲ್ ಒಂದು ಕುರ್ಚಿಯಲ್ಲಿ ಕೂತ. ಹೆಡ್ಲಿ ಕೆಂಪು ಬೂಟನ್ನು ಕಳಚಿ ಬರಿಗಾಲಲ್ಲಿ ಅವನ ಮುಂದೆ ಮಂಡಿಯೂರಿದ. ಲಂಗ ಸುತ್ತಲೂ ಹರಡಿಕೊಂಡಿತು. ಡೋರೀನ್ ಹೆಡ್ಲಿಯ ಕೋಟು ಹಿಡಿದುಕೊಂಡು ಬಂದು ಬೆನ್ನ ಹಿಂದೆ ನಿಂತದ್ದು ಅವನಿಗೆ ಗೊತ್ತಾಯಿತು. ಅವಳ ಕೈಗೆ ಅಂಟಿದ ಸಾಬೂನಿನ ವಾಸನೆ ಬಂತು. ಅವನು ಸಿರಿಲ್‌ನ ಬೂಟಿನ ಕಪ್ಪು ದಾರ ಬಿಚ್ಚತೊಡಗಿದ.

"ಮಾರ್ಚಿಂದ ನನ್ನ ಹತ್ರ ಯಾರೂ ಮಾತಾಡಿಲ್ಲ ಕಣೋ" ಎಂದ ಸಿರಿಲ್, ಮೆಲ್ಲಗೆ. "ಅಂದ್ರೆ ಮಾತಾಡ್ತಾರೆ, ಚಳಿ ಜಾಸ್ತಿ ಆಯ್ತು, ಬಸ್ಸು ತಡ ಆಯ್ತು ಅಂತ. ಅವಳ ಸುದ್ದಿ ಮಾತ್ರ ಎತ್ತಲ್ಲ. ಸತ್ತೋರ ಮನೇಲೂ ಸತ್ತೋರ ಹೆಸರು ಹೇಳ್ತಾರೆ. ನೀನೊಬ್ಬ ಕೇಳಿದೆ, ಎಲ್ಲಿ ನಿನ್ನ ಹೆಂಡ್ತಿ ಅಂತ." ಅವನು ನಕ್ಕ. "ಮೊದಲ್ನೇ ಸಲ ನಾನು ನಿಜವಾಗ್ಲೂ ತಿರುಗಿ ನೋಡ್ದೆ ಗೊತ್ತಾ. ಬಂದೇಬಿಟ್ಟಿದ್ದಾಳೆ ಅನ್ಕೊಂಡೆ."

"ಗೊತ್ತಾಯ್ತು."

"ಗೊತ್ತಾಯ್ತಾ?" ಸಿರಿಲ್ ಪಾದವನ್ನು ಬೂಟಿನಿಂದ ಹೊರಗೆಳೆದುಕೊಂಡ. "ಗೊತ್ತಾಗಿ ಎರಡನೇ ಸಲ ಕೇಳ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಒಳ್ಳೇದೇ ಆಯ್ತು. ಅಲ್ಲಿಗೇ ನಿಲ್ಸಿದ್ರೆ ಅಲ್ಲೇ ಸತ್ತುಹೋಗ್ತಿದ್ದೆ. ನಿಂಗೆ ನಾನೇನು ಅಂತ ಗೊತ್ತು. ಉಳಿದೋರೆಲ್ಲ ನನ್ನ ಬೆನ್ನ ಹಿಂದೆ ನಕ್ಕರು ಹೆಡ್ಲಿ, ಊರಿಗೆಲ್ಲ ಗೊತ್ತಿತ್ತಂತೆ, ನಂಗೊಬ್ಬನಿಗೇ ಗೊತ್ತಿರಲಿಲ್ಲ. ನಿಂಗೂ ಗೊತ್ತಿರಲಿಲ್ಲ ಅಲ್ವಾ? ಗೊತ್ತಿದ್ರೆ ನೀನು ಹೇಳ್ತಿದ್ದೆ."

ಹೆಡ್ಲಿಯ ಕೈಯಲ್ಲಿ ಸಿರಿಲ್‌ನ ಪಾದವಿತ್ತು, ಬೆಚ್ಚಗೆ, ಕಾಲುಚೀಲದ ಹಿಮ್ಮಡಿ ಸವೆದು ಚರ್ಮ ಕಾಣುತ್ತಿತ್ತು. ಬೆನ್ನ ಹಿಂದೆ ಸಾಬೂನಿನ ವಾಸನೆಯಿತ್ತು. ಇಬ್ಬರ ನಡುವೆ ಮಂಡಿಯೂರಿ ಅವನು ಕೆಂಪು ಬೂಟಿನ ಬಾಯಿ ಅಗಲಿಸಿದ. ಈಗ ಹೇಳಬಹುದು, ಇದೇ ಸರಿಯಾದ ಹೊತ್ತು, ಇನ್ನೂ ಹೊತ್ತು ಮೀರಿಲ್ಲ ಎಂದು ಒಳಗಿನಿಂದ ಯಾರೋ ಎತ್ತಿಕೊಟ್ಟರು. ಮಾತು ಸ್ಪಷ್ಟವಾಗಿ ಕೇಳಿಸಿತು.

"ಇಲ್ಲಪ್ಪ" ಎಂದ ಹೆಡ್ಲಿ. "ನಂಗೆ ಹೇಗೆ ಗೊತ್ತಿರುತ್ತೆ."

ಸಿರಿಲ್ ಅವನ ಭುಜದ ಮೇಲೆ ಕೈಯಿಟ್ಟು ಒಮ್ಮೆ ಒತ್ತಿದ. ಪಾದ ಬೂಟಿನೊಳಗೆ ಸಲೀಸಾಗಿ ಇಳಿಯಿತು. ಬಾಗಿಲ ಹತ್ತಿರ ಅಮ್ಮನ ಕೈ ಹಿಡಿದು ಹೊರಟಿದ್ದ ಒಬ್ಬ ಹುಡುಗಿ ನಿಂತು ನೋಡುತ್ತಿದ್ದಳು. ಬೆಳಿಗ್ಗೆ ಅಂಗಡಿಗೆ ಬಂದಿದ್ದವಳೇ. ಹೊಸ ಬೂಟು ಹಾಕಿಕೊಂಡಿದ್ದಳು, ಎರಡನೇ ಸಲ ಆಟ ನೋಡಲು ಹಟ ಹಿಡಿದು ಬಂದಿರಬೇಕು. ಅವಳು ವಿಧವೆಯನ್ನು ಗುರುತು ಹಿಡಿದು, ಬೆರಳು ತೋರಿಸಿ, ಪೂರ್ತಿ ದನಿ ತೆಗೆದು ಕೂಗಿದಳು: "ನಿನ್ನ ಹಿಂದೆ!" ಕಡುಬು ತಿನ್ನುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಹೆಡ್ಲಿ ತಿರುಗಿದ. ಹಿಂದೆ ಒಂದು ಕುರ್ಚಿಯಿತ್ತು. ಅದರ ಮೇಲೆ ಅವನ ಕೋಟು ತೋಳು ಒಳಗೆ ಮಾಡಿ ನೀಟಾಗಿ ಮಡಿಸಿಟ್ಟಿತ್ತು. ಹೊರಬಾಗಿಲು ತೆರೆದಿತ್ತು, ಚಳಿ ಬರುತ್ತಿತ್ತು. ಡೋರೀನ್ ಪಾತ್ರೆ ತೊಳೆಯಲು ಅಡಿಗೆಕೋಣೆಗೆ ಹೋಗಿರಬಹುದು ಎಂದುಕೊಂಡ, ಆದರೆ ಅಡಿಗೆಕೋಣೆಯ ದೀಪ ಆರಿತ್ತು. ಜನ ಇನ್ನೂ ನಗುತ್ತಿದ್ದರು, ಅವನು ಮತ್ತೊಮ್ಮೆ ತಿರುಗುತ್ತಾನೆಂದು ಕಾಯುತ್ತಿದ್ದರು. ಅವನು ಮುಂದಕ್ಕೆ ಬಗ್ಗಿ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಹೆಬ್ಬೆರಳಿಗೆ ಒತ್ತುತ್ತಾ?" ಎಂದು ಕೇಳಿದ.

"ಇಲ್ಲ" ಎಂದ ಸಿರಿಲ್. "ಸರಿಯಾಗಿದೆ."